ಕುಚ್ಚಲಕ್ಕಿ, ಬೂತಾಯಿ, ಅಂಗನವಾಡಿ: ಐಎಎಸ್ ಪ್ರಶ್ನೆಗೆ ನಮ್ಮೂರಿನ ಉತ್ತರ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಪದವೀಧರ ಮಕ್ಕಳಿಗೂ ಅವರ ಮನೆಯವರಿಗೂ ಒಂದಿಷ್ಟು ತಯಾರಿಯ ಮಾತು

2024ರ ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ ಸಾಮಾನ್ಯ ಅಧ್ಯಯನ ಎರಡನೇ ಪತ್ರಿಕೆಯಲ್ಲಿ ಒಂದು ಪ್ರಶ್ನೆ ಬಂದಿತ್ತು. ಬಡತನ ಮತ್ತು ಅಪೌಷ್ಟಿಕತೆ ಒಂದನ್ನೊಂದು ಸಾಕುವ ವಿಷವರ್ತುಲ, ಇದನ್ನು ಒಡೆಯಲು ಏನು ಮಾಡಬೇಕು ಎಂಬುದು ಅದರ ಸಾರ. ಅದೇ ಪತ್ರಿಕೆಯಲ್ಲಿ ಇನ್ನೊಂದು ಪ್ರಶ್ನೆ: ಆರೋಗ್ಯ ಸೇವೆ ಮಾರುಕಟ್ಟೆಯ ಸರಕಾಗುತ್ತಿರುವಾಗ, ಸರ್ಕಾರಿ ಆರೋಗ್ಯ ವ್ಯವಸ್ಥೆಯನ್ನು ಹಳ್ಳಿಯ ತಳಮಟ್ಟಕ್ಕೆ ಮುಟ್ಟಿಸುವುದು ಹೇಗೆ?

ಇಂಥ ಪ್ರಶ್ನೆ ಕಂಡ ಕೂಡಲೇ ನಮ್ಮ ಮಕ್ಕಳು ದೊಡ್ಡ ನಗರದ ಕೋಚಿಂಗ್ ನೋಟ್ಸ್ ಹುಡುಕುತ್ತಾರೆ. ಹುಡುಕಲಿ, ತೊಂದರೆ ಇಲ್ಲ. ಆದರೆ ಗಂಗೊಳ್ಳಿಯ ಹುಡುಗನಿಗೆ ಮೀನುಗಾರಿಕೆ ನಿಂತ ಎರಡು ತಿಂಗಳು ಅಡುಗೆಮನೆಯಲ್ಲಿ ಎಂತ ಆಗುತ್ತದೆ ಎಂದು ಗೊತ್ತುಂಟು. ಶಿರೂರಿನ ಹುಡುಗಿಗೆ ಕಷ್ಟದ ಹೆರಿಗೆ ಬಂದರೆ ಆಂಬುಲೆನ್ಸ್ ಎಷ್ಟು ದೂರ ಓಡಬೇಕು ಎಂದು ಗೊತ್ತುಂಟು. ಕಂಡ್ಲೂರಿನ ಉಮ್ಮನಿಗೆ ರೇಷನ್ ಅಕ್ಕಿ ಯಾಕೆ ಗಂಜಿಗೆ ಒಗ್ಗುವುದಿಲ್ಲ ಎಂದು ಗೊತ್ತುಂಟು. ಗೊತ್ತಿರುವ ಈ ಸಂಗತಿಯನ್ನು ಕಾನೂನಿನ ಜೊತೆ ಜೋಡಿಸಿ 250 ಪದಗಳಲ್ಲಿ ಬರೆಯುವುದನ್ನು ಮಾತ್ರ ನಾವು ಅಭ್ಯಾಸ ಮಾಡಿಲ್ಲ. ಈ ವಾರ ಆ ಜೋಡಣೆಯ ಬಗ್ಗೆಯೇ ಮಾತಾಡೋಣ.

ಯಾಕೆ ಈ ಮಾತು ಈಗ ಎಂದು ಕೇಳುವವರಿಗೆ ಒಂದೇ ಲೆಕ್ಕ ಸಾಕು. 2006ರಲ್ಲಿ ಬಂದ ಸಾಚಾರ್ ಸಮಿತಿಯ ವರದಿ ಪ್ರಕಾರ ದೇಶದ ಜನಸಂಖ್ಯೆಯಲ್ಲಿ ಮುಸ್ಲಿಮರು ಶೇ. 13.4, ಐಎಎಸ್‌ನಲ್ಲಿ ಶೇ. 3, ಐಪಿಎಸ್‌ನಲ್ಲಿ ಶೇ. 4. ಆರೋಗ್ಯ, ರೇಷನ್, ಅಂಗನವಾಡಿಯ ತೀರ್ಮಾನ ಆಗುವ ಮೇಜಿನ ಆ ಕಡೆ ನಮ್ಮವರು ಕಡಿಮೆ. ಈ ಕಡೆ ಸಾಲಿನಲ್ಲಿ ನಿಂತವರಲ್ಲಿ ಮಾತ್ರ ನಾವು ಬೇಕಾದಷ್ಟು ಜನ ಇದ್ದೇವೆ.

ಪರೀಕ್ಷೆಯಲ್ಲಿ ಈ ವಿಷಯ ಎಲ್ಲೆಲ್ಲಿ ಬರುತ್ತದೆ?

ಮೊದಲು ಪರೀಕ್ಷೆಯ ಚೌಕಟ್ಟು ತಿಳಿದಿರಲಿ. ಯುಪಿಎಸ್‌ಸಿಗೆ ಮೂರು ಹಂತ: ಪೂರ್ವಭಾವಿ, ಮುಖ್ಯ ಪರೀಕ್ಷೆ, ಸಂದರ್ಶನ. ಮುಖ್ಯ ಪರೀಕ್ಷೆಯ 1750 ಅಂಕ ಮತ್ತು ಸಂದರ್ಶನದ 275 ಅಂಕ ಸೇರಿ 2025 ಅಂಕಗಳ ಮೇಲೆ ರ‍್ಯಾಂಕ್ ನಿರ್ಧಾರ. ಸಾಮಾನ್ಯ ಅಧ್ಯಯನದ ನಾಲ್ಕು ಪತ್ರಿಕೆಗಳಿಗೆ ತಲಾ 250 ಅಂಕ.

ಎರಡನೇ ಪತ್ರಿಕೆಯ ಪಠ್ಯಕ್ರಮದಲ್ಲಿ ಆರೋಗ್ಯ, ಬಡತನ, ಹಸಿವು, ದುರ್ಬಲ ವರ್ಗಗಳ ಕಲ್ಯಾಣ ಯೋಜನೆಗಳು ನೇರವಾಗಿಯೇ ಉಂಟು. ಮೂರನೇ ಪತ್ರಿಕೆಯಲ್ಲಿ ಪಡಿತರ ವ್ಯವಸ್ಥೆ ಮತ್ತು ಆಹಾರ ಭದ್ರತೆ ಉಂಟು. ನಾಲ್ಕನೆಯದು ನೀತಿಶಾಸ್ತ್ರ. ಅಲ್ಲಿ ಅಧಿಕಾರಿಯ ಕರುಣೆ, ಹೊಣೆಗಾರಿಕೆಯ ಪ್ರಶ್ನೆಗಳು ಬರುತ್ತವೆ. ಪ್ರಬಂಧದಲ್ಲೂ ಇದೇ ವಿಷಯ ಕೈಹಿಡಿಯುತ್ತದೆ.

ಹಿಂದಿನ ಪ್ರಶ್ನೆಗಳನ್ನು ಸಾಲಾಗಿ ಇಟ್ಟು ನೋಡಿ. 2013ರಲ್ಲಿ ಆಹಾರ ಭದ್ರತಾ ಮಸೂದೆಯ ಬಗ್ಗೆ ಕೇಳಿದರು. 2015ರಲ್ಲಿ ಸರ್ಕಾರಿ ಆರೋಗ್ಯ ವ್ಯವಸ್ಥೆಯ ಕೊರತೆಯನ್ನು ಖಾಸಗಿಯವರು ತುಂಬಬಲ್ಲರೇ ಎಂದು ಕೇಳಿದರು. 2017ರಲ್ಲಿ ಹಸಿವು ಮತ್ತು ಬಡತನ, 2018ರಲ್ಲಿ ಸ್ಥಳೀಯ ಸಮುದಾಯ ಮಟ್ಟದ ಆರೋಗ್ಯ ಸೇವೆ, 2020ರಲ್ಲಿ ವೃದ್ಧರ ಮತ್ತು ತಾಯಂದಿರ ಆರೋಗ್ಯ ನೀತಿ, 2021ರಲ್ಲಿ ಪ್ರಾಥಮಿಕ ಆರೋಗ್ಯ ವ್ಯವಸ್ಥೆ, ಮತ್ತೆ ಅದೇ ವರ್ಷ ಮೂರನೇ ಪತ್ರಿಕೆಯಲ್ಲಿ ಆಹಾರ ಭದ್ರತಾ ಕಾಯ್ದೆ. ವಿಷಯ ತಿರುಗಿ ತಿರುಗಿ ಬರುತ್ತದೆ, ಕೇಳುವ ರೀತಿ ಮಾತ್ರ ಬದಲು. ಒಮ್ಮೆ ಬುಡದಿಂದ ಗಟ್ಟಿ ಮಾಡಿಕೊಂಡರೆ ನಾಲ್ಕು ಕಡೆ ಉಪಯೋಗ.

ದಾನ ಅಲ್ಲ, ಹಕ್ಕು

ಈ ವಿಷಯದ ಬುಡ ಒಂದೇ ಪದದಲ್ಲಿ ಉಂಟು: ಹಕ್ಕು. ನಾವು ಕನ್ನಡದಲ್ಲಿ ಹೇಳುವ ‘ಹಕ್ಕು’ ಅರಬಿಯ ‘ಹಕ್’ನಿಂದಲೇ ಬಂದದ್ದು. ಝಕಾತ್ ಕೊಡುವಾಗ ಅದು ಬಡವನ ಹಕ್ ಎಂದು ಚಿಕ್ಕಂದಿನಿಂದ ಕೇಳಿಕೊಂಡೇ ಬೆಳೆದವರು ನಾವು. ಸರ್ಕಾರ ಕೊಡುವ ಅಕ್ಕಿ, ಮೊಟ್ಟೆ, ಮಾತ್ರೆಯ ವಿಷಯದಲ್ಲಿ ಪರೀಕ್ಷಕರು ನೋಡುವುದೂ ಇದನ್ನೇ. ಅಭ್ಯರ್ಥಿ ಇದನ್ನು ಉಪಕಾರ ಎಂದು ಬರೆಯುತ್ತಾನೋ, ಹಕ್ಕು ಎಂದು ಬರೆಯುತ್ತಾನೋ?

ಹಕ್ಕು ಎಂದು ಬರೆಯಲು ಆಧಾರ ಬೇಕು. ನಾಲ್ಕು ಆಧಾರಗಳನ್ನು ಬಾಯಿಪಾಠ ಮಾಡಿಟ್ಟುಕೊಳ್ಳಿ.

ಒಂದು, ಸಂವಿಧಾನದ 47ನೇ ವಿಧಿ. ಜನರ ಪೌಷ್ಟಿಕತೆಯ ಮಟ್ಟ, ಜೀವನ ಮಟ್ಟ, ಸಾರ್ವಜನಿಕ ಆರೋಗ್ಯವನ್ನು ಎತ್ತರಿಸುವುದು ಸರ್ಕಾರದ ಕರ್ತವ್ಯ ಎಂದು ಅದು ಹೇಳುತ್ತದೆ. ಇದು ನಿರ್ದೇಶಕ ತತ್ತ್ವ, ಇದನ್ನೇ ಹಿಡಿದು ನೇರ ಕೋರ್ಟಿಗೆ ಹೋಗಲಾಗದು.

ಎರಡು, 21ನೇ ವಿಧಿ, ಜೀವಿಸುವ ಹಕ್ಕು. ಇದು ಮೂಲಭೂತ ಹಕ್ಕು. ಆರೋಗ್ಯವೂ ಆಹಾರವೂ ಇದರೊಳಗೇ ಸೇರುತ್ತವೆ ಎಂದು ಸುಪ್ರೀಂ ಕೋರ್ಟ್ ಹೇಳುತ್ತಾ ಬಂದಿದೆ.

ಮೂರು, 2001ರ ಪಿಯುಸಿಎಲ್ ಪ್ರಕರಣ. ಸರ್ಕಾರಿ ಗೋದಾಮುಗಳಲ್ಲಿ ಧಾನ್ಯ ತುಂಬಿ ತುಳುಕುತ್ತಿದ್ದಾಗ ರಾಜಸ್ಥಾನದಲ್ಲಿ ಬರದಿಂದ ಜನ ಹಸಿದಿದ್ದರು. ಆ ವರ್ಷ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಿಂದ ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟ ಕಡ್ಡಾಯವಾಯಿತು. ಇಂದು ನಮ್ಮ ಮಕ್ಕಳು ತಿನ್ನುವ ಅಕ್ಷರ ದಾಸೋಹದ ಅನ್ನದ ಹಿಂದೆ ಈ ತೀರ್ಪಿನ ಬಲ ಉಂಟು.

ನಾಲ್ಕು, 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ. ದೇಶದ ಗ್ರಾಮೀಣ ಜನರಲ್ಲಿ ಶೇ. 75, ನಗರದವರಲ್ಲಿ ಶೇ. 50ರವರೆಗೆ ಇದರ ವ್ಯಾಪ್ತಿ. ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೆ ತಿಂಗಳಿಗೆ 5 ಕಿಲೋ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ ಧಾನ್ಯ. ಆರು ತಿಂಗಳಿನಿಂದ 14 ವರ್ಷದವರೆಗಿನ ಮಕ್ಕಳಿಗೆ ಊಟ. ಬಸುರಿ ಮತ್ತು ಬಾಣಂತಿಯರಿಗೆ ಊಟದ ಜೊತೆಗೆ ಕನಿಷ್ಠ 6000 ರೂಪಾಯಿ ಹೆರಿಗೆ ನೆರವು. ಕಾಯ್ದೆಯ 13ನೇ ಕಲಂ ಪ್ರಕಾರ ಮನೆಯ 18 ತುಂಬಿದ ಹಿರಿಯ ಹೆಂಗಸೇ ರೇಷನ್ ಕಾರ್ಡಿನ ಯಜಮಾನಿ. ಈ ಒಂದು ಸಾಲು ಮಹಿಳಾ ಸಬಲೀಕರಣದ ಪ್ರಶ್ನೆಗೂ ಬರುತ್ತದೆ.

ಕರ್ನಾಟಕದ ಯೋಜನೆಗಳನ್ನೂ ಇದರ ಕೆಳಗೇ ಜೋಡಿಸಿಕೊಳ್ಳಿ: 2013ರ ಜುಲೈಯಲ್ಲಿ ಅನ್ನಭಾಗ್ಯ, ಅದೇ ಆಗಸ್ಟ್‌ನಲ್ಲಿ ಕ್ಷೀರಭಾಗ್ಯ, 2017ರ ಅಕ್ಟೋಬರ್ 2ರಂದು ಮಾತೃಪೂರ್ಣ, 2018ರಲ್ಲಿ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ. ಅಂಗನವಾಡಿಯ ಮೂಲ ಯೋಜನೆಯಾದ ಐಸಿಡಿಎಸ್ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದಾಗ ಅದರಲ್ಲಿ ಮೈಸೂರು ಜಿಲ್ಲೆಯ ಟಿ. ನರಸೀಪುರವೂ ಒಂದಾಗಿತ್ತು.

ಐದು ಪದಗಳ ಅಳತೆಗೋಲು

ಕಾನೂನು ಗೊತ್ತಾದ ಮೇಲೆ ಅಳೆಯುವ ಕೋಲು ಬೇಕು. ಆರೋಗ್ಯದ ಹಕ್ಕನ್ನು ವಿವರಿಸುವಾಗ ವಿಶ್ವಸಂಸ್ಥೆಯ ಆರ್ಥಿಕ, ಸಾಮಾಜಿಕ, ಸಾಂಸ್ಕೃತಿಕ ಹಕ್ಕುಗಳ ಸಮಿತಿ 2000ದಲ್ಲಿ ನಾಲ್ಕು ಅಳತೆಗಳನ್ನು ಕೊಟ್ಟಿತು: ಲಭ್ಯತೆ, ಕೈಗೆಟುಕುವುದು, ಜನರಿಗೆ ಒಪ್ಪಿತವಾಗುವುದು, ಗುಣಮಟ್ಟ. ಅಂದರೆ ಸೇವೆ ಇದೆಯೇ? ನಮಗೆ ಸಿಗುತ್ತದೆಯೇ? ನಮಗೆ ಹಿಡಿಸುತ್ತದೆಯೇ? ಒಳ್ಳೆಯದೇ? ಇದಕ್ಕೆ ಐದನೆಯದಾಗಿ ಹೊಣೆಗಾರಿಕೆಯನ್ನು ನಾವು ಸೇರಿಸೋಣ. ತಪ್ಪಾದರೆ ಉತ್ತರ ಕೊಡುವವರು ಯಾರು ಎಂಬ ಪ್ರಶ್ನೆ ಅದು. ಆರೋಗ್ಯ, ಆಹಾರದ ಯಾವ ಪ್ರಶ್ನೆ ಬಂದರೂ ಈ ಐದನ್ನು ಕೇಳುತ್ತಾ ಹೋದರೆ ಉತ್ತರದ ಅಸ್ಥಿಪಂಜರ ತಯಾರು. ಅದಕ್ಕೆ ಮಾಂಸ ತುಂಬಲು ನಮ್ಮ ಮೂರು ತಾಲ್ಲೂಕುಗಳೇ ಸಾಕು.

ಲಭ್ಯತೆ: ಬೂತಾಯಿ ಎಲ್ಲಿ ಹೋಯಿತು?

ಬಡವರ ಮನೆಯ ಪ್ರೋಟೀನ್ ಎಂದರೆ ನಮ್ಮಲ್ಲಿ ಬೂತಾಯಿ, ಬಂಗುಡೆ. ಬೂತಾಯಿಯಲ್ಲಿ ಒಮೇಗಾ-3 ಕೊಬ್ಬು ಧಾರಾಳ, ಮುಳ್ಳು ಸಮೇತ ತಿಂದರೆ ಸುಣ್ಣದ ಅಂಶವೂ ಸಿಗುತ್ತದೆ. ಆದರೆ ದಕ್ಕೆಗೆ ಬಂದ ಬೂತಾಯಿ ಎಲ್ಲವೂ ಮೀನು ಮಾರುವ ಹೆಂಗಸರ ಬುಟ್ಟಿಗೆ ಬರುವುದಿಲ್ಲ. ಒಂದು ಪಾಲು ಮೀನಿನ ಹುಡಿ, ಮೀನೆಣ್ಣೆಯ ಕಾರ್ಖಾನೆಗೆ ಹೋಗುತ್ತದೆ. ಅಲ್ಲಿಂದ ಅದು ಸಿಗಡಿ ಸಾಕುವ ಕೆರೆಗಳಿಗೆ, ಕೋಳಿ ಫಾರ್ಮಿಗೆ ಹೋಗುತ್ತದೆ. ಕರಾವಳಿಯ ಮಗುವಿನ ತಟ್ಟೆಗೆ ಬರಬೇಕಾದ ಮೀನು ಸಿಗಡಿಯ ಹೊಟ್ಟೆ ಸೇರುವುದು ಪೌಷ್ಟಿಕತೆಯ ನ್ಯಾಯದ ಪ್ರಶ್ನೆಯೇ ಅಲ್ವಾ?

ಇದರ ಜೊತೆಗೆ ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮೀನಿನ ಸಂತತಿ ಉಳಿಯಲು ಅದು ಬೇಕು. ಆದರೆ ಆ ಹೊತ್ತಿಗೇ ಮಳೆ, ಆ ಹೊತ್ತಿಗೇ ಶಾಲೆಯ ಖರ್ಚು, ಆ ಹೊತ್ತಿಗೇ ಕೈಯಲ್ಲಿ ಕಾಸಿಲ್ಲ. ಗಂಗೊಳ್ಳಿ, ಕೋಡಿಯ ಮನೆಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಮರ್ತ್ಯ ಸೇನ್ 1981ರ ತಮ್ಮ ಪುಸ್ತಕದಲ್ಲಿ ತೋರಿಸಿದ್ದೂ ಇದನ್ನೇ. ಊರಲ್ಲಿ ಆಹಾರ ಇದ್ದರೂ ಅದನ್ನು ಪಡೆಯುವ ಶಕ್ತಿ ಕೈಯಲ್ಲಿ ಇಲ್ಲದಿದ್ದರೆ ಜನ ಹಸಿಯುತ್ತಾರೆ. ಸೇನ್ ಹೆಸರು ಬರೆದು ಸುಮ್ಮನಾಗುವ ಅಭ್ಯರ್ಥಿಗಳು ಸಾವಿರ ಇದ್ದಾರೆ. ಸೇನ್ ಪಕ್ಕದಲ್ಲಿ 61 ದಿನಗಳ ನಿಷೇಧವನ್ನು ಇಟ್ಟು ಬರೆಯುವವರು ಎಷ್ಟು ಜನ?

ಕೈಗೆಟುಕುವುದು: ದೂರ ಮತ್ತು ಬೆರಳಚ್ಚು

1997ರಲ್ಲಿ ಉಡುಪಿ ಜಿಲ್ಲೆ ಆದಾಗ ಇದ್ದದ್ದು ಮೂರೇ ತಾಲ್ಲೂಕು. ಬೈಂದೂರು, ಬ್ರಹ್ಮಾವರ ತಾಲ್ಲೂಕಾದದ್ದು 2018ರಲ್ಲಿ. ತಾಲ್ಲೂಕು ಎಂಬ ಬೋರ್ಡ್ ಬಂದ ಮಾತ್ರಕ್ಕೆ ತಜ್ಞ ವೈದ್ಯರು ಬರುವುದಿಲ್ಲ. ಶಿರೂರಿನಿಂದ ಉಡುಪಿಗೆ 70 ಕಿ.ಮೀ.ಗೂ ಹೆಚ್ಚು. ಬಯಲು ಸೀಮೆಯಲ್ಲಿ 30,000 ಜನಕ್ಕೆ, ಗುಡ್ಡಗಾಡಿನಲ್ಲಿ 20,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ಸರ್ಕಾರದ ಮಾನದಂಡ. ಈ ಲೆಕ್ಕ ತಲೆ ಎಣಿಸುತ್ತದೆ, ದಾರಿ ಅಳೆಯುವುದಿಲ್ಲ. ಕೊಲ್ಲೂರಿನ ಕಡೆಯ ಗುಡ್ಡದ ಮನೆಗೂ ಬ್ರಹ್ಮಾವರದ ಹೆದ್ದಾರಿ ಪಕ್ಕದ ಮನೆಗೂ ಒಂದೇ ಅಳತೆ ಸಾಲದು ಎಂದು ಬರೆಯಿರಿ.

ಮಾತೃಪೂರ್ಣ ಯೋಜನೆಯನ್ನೂ ಇಲ್ಲಿಯೇ ನೋಡಿ. ಬಸುರಿ, ಬಾಣಂತಿಯರು ಅಂಗನವಾಡಿಗೆ ಬಂದು ಬಿಸಿಯೂಟ ಮಾಡಬೇಕು ಎಂಬುದು ಅದರ ಕಲ್ಪನೆ. ಕೊಟ್ಟ ಧಾನ್ಯ ಮನೆಯ ಎಲ್ಲರಿಗೂ ಹಂಚಿಹೋಗದೆ ತಾಯಿಯ ಹೊಟ್ಟೆಗೇ ಸೇರಲಿ ಎಂಬ ಒಳ್ಳೆಯ ಉದ್ದೇಶ ಅದಕ್ಕುಂಟು. ಆದರೆ ಕರಾವಳಿಯಲ್ಲಿ ಮನೆಗಳು ತೋಟ, ಗದ್ದೆ, ಹೊಳೆಗಳ ನಡುವೆ ದೂರ ದೂರ. ಹೆರಿಗೆಯಾಗಿ 40 ದಿನ ಮನೆಯೊಳಗೇ ಇರುವ ರೂಢಿ ನಮ್ಮಲ್ಲೂ ಉಂಟು, ಅಕ್ಕಪಕ್ಕದವರಲ್ಲೂ ಉಂಟು. ಚೊಚ್ಚಲ ಹೆರಿಗೆಗೆ ಹುಡುಗಿ ತವರಿಗೆ ಬಂದಿರುತ್ತಾಳೆ, ಹೆಸರು ಇರುವುದು ಗಂಡನ ಊರಿನ ಅಂಗನವಾಡಿಯಲ್ಲಿ. ಯೋಜನೆ ಒಳ್ಳೆಯದು, ಮನೆಯ ಬಾಗಿಲಿಗೆ ತಲುಪಿಸುವ ದಾರಿಯನ್ನು ಆಯಾ ಊರಿಗೆ ತಕ್ಕಂತೆ ಮಾಡಬೇಕು ಎಂಬುದು ಸಮತೂಕದ ಉತ್ತರ.

ರೇಷನ್ ಅಂಗಡಿಯ ಬೆರಳಚ್ಚೂ ಹಾಗೆಯೇ. ಮೀನು ಕೊಯ್ದು, ಬಲೆ ಎಳೆದು, ಬೀಡಿ ಕಟ್ಟಿ ಸವೆದ ಬೆರಳನ್ನು ಯಂತ್ರ ಕೆಲವೊಮ್ಮೆ ಗುರುತಿಸುವುದಿಲ್ಲ. ಇದಕ್ಕೆ ಪಠ್ಯದಲ್ಲಿ ‘ಹೊರಗುಳಿಸುವ ತಪ್ಪು’ ಎನ್ನುತ್ತಾರೆ. ಅರ್ಹರಲ್ಲದವರು ಪಟ್ಟಿಯಲ್ಲಿ ನುಗ್ಗುವುದು ‘ಒಳಸೇರಿಸುವ ತಪ್ಪು’. ಗಲ್ಫಿನಿಂದ ಕೆಲಸ ಬಿಟ್ಟು ಬಂದ ಬಾಪನ ಸಂಪಾದನೆ ನಿಂತು ವರ್ಷವಾದರೂ ಮನೆಯ ಕಾರ್ಡ್ ಎಪಿಎಲ್ ಆಗಿಯೇ ಉಳಿದರೆ ಅದು ಮೊದಲನೆಯದು. ಕಾರು, ಬಂಗಲೆ ಇರುವವರ ಕೈಯಲ್ಲಿ ಬಿಪಿಎಲ್ ಕಾರ್ಡ್ ಇದ್ದರೆ ಅದು ಎರಡನೆಯದು. ಎರಡನ್ನೂ ಬರೆಯಬೇಕು. ಒಂದನ್ನು ಮಾತ್ರ ಬರೆದರೆ ಅದು ದೂರಿನ ಅರ್ಜಿಯಾಗುತ್ತದೆ, ಉತ್ತರ ಆಗುವುದಿಲ್ಲ. ಇನ್ನೊಂದು ಮಾತು: ಕಾಯ್ದೆಯ ಫಲಾನುಭವಿಗಳ ಮಿತಿ ನಿಂತಿರುವುದು 2011ರ ಜನಗಣತಿಯ ಮೇಲೆ. ಆಮೇಲೆ ಹುಟ್ಟಿದ ಮಕ್ಕಳ ಲೆಕ್ಕ ಅದರಲ್ಲಿಲ್ಲ.

ಒಪ್ಪಿಗೆ: ಕುಚ್ಚಲಕ್ಕಿಯ ಪಾಠ

ನಮ್ಮ ಕಡೆಯ ಅತಿ ಒಳ್ಳೆಯ ಉದಾಹರಣೆ ಇದು. ಕರಾವಳಿಯ ಮನೆಗಳಲ್ಲಿ ದಿನದ ಅನ್ನ, ಗಂಜಿ ಎಂದರೆ ಕೆಂಪು ಕುಚ್ಚಲಕ್ಕಿ. ರೇಷನ್‌ನಲ್ಲಿ ಬರುವುದು ಬಿಳಿ ಅಕ್ಕಿ. ಹಾಗಾಗಿ ರೇಷನ್ ಅಕ್ಕಿ ದೋಸೆಗೆ, ಪತ್ತಿರಿಗೆ, ಕೆಲವರ ಮನೆಯಲ್ಲಿ ಕೋಳಿಗೆ ಹೋಗುತ್ತದೆ. ಊಟದ ಅಕ್ಕಿಯನ್ನು ಅಂಗಡಿಯಿಂದ ದುಡ್ಡು ಕೊಟ್ಟು ತರುವುದು ತಪ್ಪುವುದಿಲ್ಲ. ಇದನ್ನು ನಾಲಗೆಯ ಚಪಲ ಎಂದು ತಳ್ಳಿಹಾಕಲಾಗದು. ಭತ್ತವನ್ನು ನೆನೆಸಿ ಬೇಯಿಸಿ ಒಣಗಿಸುವಾಗ ತೌಡಿನಲ್ಲಿರುವ ಬಿ-1 ಮುಂತಾದ ಜೀವಸತ್ವಗಳು ಕಾಳಿನ ಒಳಗೆ ಇಳಿಯುತ್ತವೆ. ಆಮೇಲೆ ಪಾಲಿಶ್ ಮಾಡಿದರೂ ಒಂದಿಷ್ಟು ಉಳಿಯುತ್ತದೆ. ಬೆಳ್ತಿಗೆ ಅಕ್ಕಿಯನ್ನು ಪಾಲಿಶ್ ಮಾಡಿದರೆ ಅವು ತೌಡಿನ ಜೊತೆಗೇ ಹೋಗುತ್ತವೆ.

ಸ್ಥಳೀಯ ಕೆಂಪು ಭತ್ತವನ್ನು ಸರ್ಕಾರವೇ ಖರೀದಿಸಿ ದಕ್ಷಿಣ ಕನ್ನಡ, ಉಡುಪಿಯ ಪಡಿತರದಲ್ಲಿ ಕೊಡಬೇಕು ಎಂಬ ಬೇಡಿಕೆ ಹಳೆಯದು. ಎಂಒ-4, ಜ್ಯೋತಿಯಂಥ ತಳಿಗಳನ್ನು ಖರೀದಿಸುವ ಪ್ರಯತ್ನವೂ ನಡೆಯಿತು, ನಿರೀಕ್ಷಿಸಿದಷ್ಟು ಭತ್ತ ಬರಲಿಲ್ಲ. ಖರೀದಿ ಕೇಂದ್ರ ತೆರೆಯುವಷ್ಟರಲ್ಲಿ ಕೊಯ್ಲು ಮುಗಿದು ಭತ್ತ ಮಿಲ್ಲಿಗೆ ಹೋಗಿರುತ್ತದೆ ಎಂಬುದು ರೈತರ ದೂರು. ಗದ್ದೆಗಳೂ ಕಡಿಮೆಯಾಗುತ್ತಿವೆ. ಅದೇ ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದಿಂದ ನೆರೆ ನೀರನ್ನು ತಡೆಯುವ ‘ಸಹ್ಯಾದ್ರಿ ಪಂಚಮುಖಿ’ ಎಂಬ ಕೆಂಪಕ್ಕಿಯ ತಳಿ ಬಂದಿದೆ. ಪಕ್ಕದ ಕೇರಳದಲ್ಲಿ ರೈತರಿಂದ ಕೊಂಡ ಭತ್ತ ಮಟ್ಟ ಅಕ್ಕಿಯಾಗಿ ರೇಷನ್ ಅಂಗಡಿಗೆ ಬರುತ್ತದೆ. ರಾಜ್ಯಗಳೇ ಧಾನ್ಯ ಖರೀದಿಸಿ ಹಂಚುವ ವಿಕೇಂದ್ರೀಕೃತ ವ್ಯವಸ್ಥೆ 1997-98ರಿಂದಲೇ ಉಂಟು. ಸಮಸ್ಯೆ, ಕಾರಣ, ಪಕ್ಕದ ರಾಜ್ಯದ ಅನುಭವ, ಪರಿಹಾರ: ಒಂದೇ ಉದಾಹರಣೆಯಲ್ಲಿ ನಾಲ್ಕೂ ಸಿಕ್ಕಿತು.

ಶಾಲೆಯ ಮೊಟ್ಟೆಯೂ ಒಪ್ಪಿಗೆಯ ಪಾಠವೇ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಕಡೆಯ ಏಳು ಜಿಲ್ಲೆಗಳಲ್ಲಿ ಶುರುವಾಗಿ, ಆಮೇಲೆ ಇಡೀ ರಾಜ್ಯಕ್ಕೆ ಬಂತು. 2024ರಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರಕ್ಕೆ ಆರು ದಿನವಾಯಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು, ಚಿಕ್ಕಿ. ತಿನ್ನುವವನ ಹಕ್ಕೂ ಉಳಿಯಿತು, ತಿನ್ನದವನ ಹಕ್ಕೂ ಉಳಿಯಿತು. ಹೀಗೆ ಬರೆದರೆ ಯಾರ ಪಕ್ಷವನ್ನೂ ವಹಿಸಿದಂತಾಗುವುದಿಲ್ಲ.

ಗುಣಮಟ್ಟ: ಸಾರವರ್ಧಿತ ಅಕ್ಕಿ ಮತ್ತು ಹಾಜಿ ಅಬ್ದುಲ್ಲಾ ಸಾಹೇಬರ ಆಸ್ಪತ್ರೆ

ರೇಷನ್ ಅಕ್ಕಿಯಲ್ಲಿ ಬಣ್ಣ ಬೇರೆಯಾದ ಕೆಲವು ಕಾಳು ಕಂಡು ಪ್ಲಾಸ್ಟಿಕ್ ಅಕ್ಕಿ ಎಂದು ಗುಲ್ಲೆಬ್ಬಿಸಿದ್ದು ಎಲ್ಲರಿಗೂ ನೆನಪಿರಬಹುದು. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ-12 ಸೇರಿಸಿ ಕಾಳಿನ ಆಕಾರ ಕೊಟ್ಟು ನೂರು ಕಾಳಿಗೆ ಒಂದರಂತೆ ಬೆರೆಸಿದ್ದರು. ರಕ್ತಹೀನತೆ ತಡೆಯಲು ಈ ಕ್ರಮ. ಜನರಿಗೆ ಮೊದಲೇ ತಿಳಿಸದೆ ಹಂಚಿದ್ದರಿಂದ ಅನುಮಾನ ಹುಟ್ಟಿತು ಎಂಬುದು ಆಡಳಿತದ ಪಾಠ.

ಉಡುಪಿಯ ಸರ್ಕಾರಿ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಗೆ ಜಾಗ ಕೊಟ್ಟವರು ಹಾಜಿ ಅಬ್ದುಲ್ಲಾ ಸಾಹೇಬರು. 1906ರಲ್ಲಿ ಉಡುಪಿಯಲ್ಲಿ ಶುರುವಾಗಿ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯ ಸ್ಥಾಪಕರೂ ಅವರೇ. ಆ ಜಾಗದಲ್ಲಿ 2017ರಲ್ಲಿ ಖಾಸಗಿ ಸಹಭಾಗಿತ್ವದಲ್ಲಿ 200 ಹಾಸಿಗೆಯ ಹೊಸ ಆಸ್ಪತ್ರೆ ಬಂತು. ಮುಂದೆ ಸಿಬ್ಬಂದಿಗೆ ಸಂಬಳ ಬಾಕಿಯಾಗಿ ಪ್ರತಿಭಟನೆ ನಡೆದು, 2022ರಲ್ಲಿ ಸರ್ಕಾರವೇ ಅದನ್ನು ವಾಪಸು ವಹಿಸಿಕೊಂಡಿತು. 2015ರ ಪ್ರಶ್ನೆ ಕೇಳಿದ್ದೂ ಇದನ್ನೇ: ಖಾಸಗಿಯವರು ಸರ್ಕಾರದ ಕೊರತೆ ತುಂಬಬಲ್ಲರೇ? ಕಟ್ಟಡ ಕಟ್ಟಬಲ್ಲರು, ಆದರೆ ಸೇವೆ ನಿಲ್ಲದಂತೆ ನೋಡುವ ಕೊನೆಯ ಹೊಣೆ ಸರ್ಕಾರದ್ದು ಎಂದು ಉಡುಪಿಯ ಉದಾಹರಣೆ ಕೊಟ್ಟು ಬರೆಯಬಹುದು.

ಹೊಣೆಗಾರಿಕೆ: ಗೇರು ತೋಪಿನ ವಿಷ

1980ರ ದಶಕದಿಂದ ಸುಮಾರು 2000ದವರೆಗೆ ಕರಾವಳಿಯ ಗೇರು ತೋಪುಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದರು. ಉಡುಪಿ ಜಿಲ್ಲೆಯಲ್ಲಿ ಕುಂದಾಪುರ, ಬೈಂದೂರು ಕಡೆಯ ಗುಡ್ಡದ ಊರುಗಳಲ್ಲಿ ಇಂದಿಗೂ ಅದರ ಪೀಡಿತರಿದ್ದಾರೆ. ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳನ್ನು ವಯಸ್ಸಾದ ತಾಯಂದಿರು ನೋಡಿಕೊಳ್ಳುತ್ತಿದ್ದಾರೆ. ಕಾಸರಗೋಡಿನ ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಡಾ. ವೈ.ಎಸ್. ಮೋಹನ ಕುಮಾರ್, ಪತ್ರಕರ್ತ ಶ್ರೀಪಡ್ರೆ ಇದನ್ನು ಹೊರಜಗತ್ತಿಗೆ ತಿಳಿಸಿದರು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶಾದ್ಯಂತ ನಿಷೇಧಿಸಿತು. 2017ರ ಜನವರಿಯಲ್ಲಿ ಕೇರಳದ ಪೀಡಿತರಿಗೆ ತಲಾ 5 ಲಕ್ಷ ಕೊಡಲು ಆದೇಶಿಸಿತು. ಕರ್ನಾಟಕದಲ್ಲಿ ಅಂಗವೈಕಲ್ಯದ ಪ್ರಮಾಣ ನೋಡಿ ಮಾಸಾಶನ ಕೊಡುತ್ತಾರೆ. ಒಂದೇ ವಿಷ, ಗಡಿಯ ಆಚೆ ಈಚೆ ಪರಿಹಾರ ಬೇರೆ ಬೇರೆ. ನೀತಿಶಾಸ್ತ್ರದ ಪತ್ರಿಕೆಗೆ ಇದಕ್ಕಿಂತ ಗಟ್ಟಿ ಉದಾಹರಣೆ ಸಿಗುವುದು ಕಷ್ಟ.

ಉದಾಹರಣೆ ಕೊಡುವಾಗ ನಮ್ಮ ಸಮುದಾಯದ ಬೇಲಿಯೊಳಗೇ ಸುತ್ತಬೇಡಿ. ನಮ್ಮ ಜಿಲ್ಲೆಯ ಕೊರಗರು ಕೇಂದ್ರ ಸರ್ಕಾರ ಗುರುತಿಸಿದ ವಿಶೇಷ ದುರ್ಬಲ ಬುಡಕಟ್ಟು. ಅವರಿಗಾಗಿ ರಾಜ್ಯದ ಪ್ರತ್ಯೇಕ ಪೌಷ್ಟಿಕ ಆಹಾರ ಯೋಜನೆ ಉಂಟು. ನೆರೆಯವನ ಹಸಿವನ್ನು ನೋಡಬಲ್ಲವನನ್ನೇ ಜಿಲ್ಲೆಯ ಕುರ್ಚಿಯಲ್ಲಿ ಕೂರಿಸಬೇಕು ಎಂದು ಪರೀಕ್ಷಕರಿಗೂ ಅನ್ನಿಸಬೇಕು.

ಅಂಕಿ ಅಂಶ ಎಷ್ಟು ಬೇಕು?

ಹತ್ತು ಸಾಕು. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ಶೇ. 19.5 ಮಂದಿ ಎತ್ತರಕ್ಕೆ ತಕ್ಕ ತೂಕವಿಲ್ಲದವರು, ಶೇ. 32.9 ಮಂದಿ ವಯಸ್ಸಿಗೆ ತಕ್ಕ ತೂಕವಿಲ್ಲದವರು. 15ರಿಂದ 49 ವರ್ಷದ ಹೆಂಗಸರಲ್ಲಿ ರಕ್ತಹೀನತೆ ಶೇ. 47.8, ಸಣ್ಣ ಮಕ್ಕಳಲ್ಲಿ ಶೇ. 65.5. ದೇಶದ ಲೆಕ್ಕದಲ್ಲಿ ಹೆಂಗಸರದು ಶೇ. 57. ಇದರ ಜೊತೆ 2017ರ ಆರೋಗ್ಯ ನೀತಿಯ ಗುರಿ: 2025ರೊಳಗೆ ಜಿಡಿಪಿಯ ಶೇ. 2.5ರಷ್ಟು ಸರ್ಕಾರಿ ಖರ್ಚು. ಇಷ್ಟನ್ನು ಡೈರಿಯ ಒಂದೇ ಪುಟದಲ್ಲಿ ಬರೆದಿಡಿ.

ಉತ್ತರ ಹೇಗೆ ಬರೆಯುವುದು?

2021ರ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ: ಆಹಾರ ಭದ್ರತಾ ಕಾಯ್ದೆಯ ಮುಖ್ಯ ಅಂಶಗಳೇನು, ಹಸಿವು ಮತ್ತು ಅಪೌಷ್ಟಿಕತೆ ನೀಗಲು ಅದು ಹೇಗೆ ನೆರವಾಗಿದೆ?

ಮೊದಲ ಎರಡು ಸಾಲು 47ನೇ ವಿಧಿ ಮತ್ತು ಪಿಯುಸಿಎಲ್ ಪ್ರಕರಣ. ಮುಂದಿನ ಐದಾರು ಸಾಲು ಕಾಯ್ದೆಯ ಅಂಶಗಳು: ಯಾರಿಗೆ, ಎಷ್ಟು, ಯಾರ ಹೆಸರಲ್ಲಿ. ಆಮೇಲೆ ಸಾಧನೆ. ಹೊಟ್ಟೆ ತುಂಬುವ ವಿಷಯದಲ್ಲಿ ಕಾಯ್ದೆ ಗೆದ್ದಿದೆ, ಕೋವಿಡ್ ಕಾಲದಲ್ಲಿ ಅದು ಕೋಟ್ಯಂತರ ಮನೆ ಉಳಿಸಿತು. ಆಮೇಲೆ ಕೊರತೆ. ಅಕ್ಕಿ ಗೋಧಿ ಬಂತು, ಬೇಳೆ ಎಣ್ಣೆ ಮೀನು ಮೊಟ್ಟೆ ಬರಲಿಲ್ಲ. ಹಸಿವು ತಗ್ಗಿದರೂ ರಕ್ತಹೀನತೆ ತಗ್ಗಲಿಲ್ಲ. ಇಲ್ಲಿ ಕುಚ್ಚಲಕ್ಕಿಯ ಉದಾಹರಣೆ ಎರಡು ಸಾಲಿನಲ್ಲಿ. ಕೊನೆಗೆ ಮೂರು ಸಲಹೆ: ಹೊಸ ಜನಗಣತಿಯ ಲೆಕ್ಕ, ಸ್ಥಳೀಯ ಧಾನ್ಯ ಖರೀದಿ, ಕಾಯ್ದೆಯಲ್ಲೇ ಇರುವ ಸಾಮಾಜಿಕ ಪರಿಶೋಧನೆಯನ್ನು ನಿಜವಾಗಿ ನಡೆಸುವುದು.

15 ಅಂಕದ ಉತ್ತರಕ್ಕೆ 250 ಪದ, 10 ಅಂಕದ್ದಕ್ಕೆ 150. ಮೂರು ಗಂಟೆಯಲ್ಲಿ 20 ಪ್ರಶ್ನೆ. ಕೈ ಓಡದಿದ್ದರೆ ತಲೆ ಓಡಿ ಪ್ರಯೋಜನ ಇಲ್ಲ. ದಿನಕ್ಕೆ ಒಂದು ಉತ್ತರ ಗಡಿಯಾರ ಇಟ್ಟು ಬರೆಯಲೇಬೇಕು.

ಕನ್ನಡದಲ್ಲಿ ಬರೆಯಬಹುದೇ?

ಬರೆಯಬಹುದು. ಯುಪಿಎಸ್‌ಸಿ ಮುಖ್ಯ ಪರೀಕ್ಷೆಗೆ ಕನ್ನಡ ಮಾಧ್ಯಮ ಉಂಟು, ಕನ್ನಡ ಸಾಹಿತ್ಯ ಐಚ್ಛಿಕವೂ ಉಂಟು. ಪೂರ್ವಭಾವಿಯ ಪ್ರಶ್ನೆಪತ್ರಿಕೆ ಮಾತ್ರ ಹಿಂದಿ, ಇಂಗ್ಲಿಷಿನಲ್ಲಿ. ಕೆಎಎಸ್‌ನಲ್ಲಿ ಕನ್ನಡ ಪ್ರಶ್ನೆಪತ್ರಿಕೆ ಇದ್ದರೂ 2024ರ ಆಗಸ್ಟ್ 27ರ ಪೂರ್ವಭಾವಿಯಲ್ಲಿ ಅನುವಾದ ಕೆಟ್ಟು, ಡಿಸೆಂಬರ್ 29ಕ್ಕೆ ಮರುಪರೀಕ್ಷೆ ಮಾಡಬೇಕಾಯಿತು. ಹಾಗಾಗಿ ಪ್ರತಿ ಪಾರಿಭಾಷಿಕ ಪದವನ್ನೂ ಎರಡೂ ಭಾಷೆಯಲ್ಲಿ ಕಲಿಯಿರಿ. ಮನೆಯಲ್ಲಿ ಬ್ಯಾರಿ, ಪೇಟೆಯಲ್ಲಿ ಕುಂದಾಪ್ರ ಕನ್ನಡ, ಬಸ್ಸಿನಲ್ಲಿ ತುಳು, ಮದ್ರಸದಲ್ಲಿ ಅರಬಿ ಎಂದು ನಾಲ್ಕು ಭಾಷೆ ಸಂಭಾಳಿಸುವ ನಮ್ಮ ಮಕ್ಕಳಿಗೆ ಇದು ದೊಡ್ಡ ಭಾರವೇನಲ್ಲ.

ಮನೆಯವರಿಗೆ ಎರಡು ಮಾತು

ಸುಳ್ಳು ಆಸೆ ಹುಟ್ಟಿಸುವುದು ಬೇಡ. 2024ರ ಪರೀಕ್ಷೆಗೆ ಅರ್ಜಿ ಹಾಕಿದವರು 9.9 ಲಕ್ಷ, ಆಯ್ಕೆಯಾದವರು 1009. ಮಗನನ್ನು ಗಲ್ಫಿಗೆ ಕಳಿಸುವುದೋ, ಎರಡು ವರ್ಷ ಓದಿಸುವುದೋ ಎಂಬ ಲೆಕ್ಕಾಚಾರ ಪ್ರತಿ ಮನೆಯಲ್ಲೂ ಉಂಟು, ಅದು ಸಹಜ. ಆದರೆ ಈ ಓದು ಐಎಎಸ್ ಒಂದಕ್ಕೇ ಅಲ್ಲ. ಕೆಎಎಸ್, ಪಿಡಿಒ, ಗ್ರಾಮ ಆಡಳಿತ ಅಧಿಕಾರಿ, ಆಹಾರ ನಿರೀಕ್ಷಕ, ಅಂಗನವಾಡಿಗಳ ಉಸ್ತುವಾರಿ ನೋಡುವ ಸಿಡಿಪಿಒ ಹುದ್ದೆಗೂ ಇದೇ ಪಾಠ ಉಪಯೋಗಕ್ಕೆ ಬರುತ್ತದೆ. ಒಂದೂ ಸಿಗಲಿಲ್ಲ ಎಂದೇ ಇಟ್ಟುಕೊಳ್ಳಿ. ನೆರೆಮನೆಯ ವಿಧವೆಯ ಕಾರ್ಡ್ ಯಾಕೆ ರದ್ದಾಯಿತು ಎಂದು ಕೇಳಿ ಅರ್ಜಿ ಬರೆಯಬಲ್ಲ ಒಬ್ಬ ಮಗ, ಒಬ್ಬಳು ಮಗಳು ಮನೆಯಲ್ಲಿ ಇರುತ್ತಾರೆ.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿಯೇ ಹೇಳಬೇಕು. ಪದವಿ ಮುಗಿಸಿ, ನಿಕಾಹ್ ಗೊತ್ತಾಗುವವರೆಗೆ ಮನೆಯಲ್ಲಿ ಕೂತ ಹುಡುಗಿಯರು ನಮ್ಮ ಪ್ರತಿ ಜಮಾಅತಿನಲ್ಲೂ ಇದ್ದಾರೆ. ರಕ್ತಹೀನತೆ, ಹೆರಿಗೆ, ಮಕ್ಕಳ ತೂಕದ ವಿಷಯ ಗಂಡುಮಕ್ಕಳಿಗಿಂತ ಅವರಿಗೆ ಹತ್ತಿರ. ಆ ಒಂದೆರಡು ವರ್ಷವನ್ನು ಓದಿಗೆ ಕೊಡಿ. ಅರ್ಜಿಯ ಸಾಮಾನ್ಯ ವಯೋಮಿತಿ 32, ಹಿಂದುಳಿದ ವರ್ಗದವರಿಗೆ 35. ಮದುವೆಯಾದ ಮೇಲೂ ಬಾಗಿಲು ಮುಚ್ಚುವುದಿಲ್ಲ.

ತರಬೇತಿಗೆ ದೆಹಲಿಯ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ವಸತಿ ತರಬೇತಿ ಅಕಾಡೆಮಿ ಉಂಟು. ಅಲ್ಪಸಂಖ್ಯಾತರು, ಪರಿಶಿಷ್ಟರು, ಮಹಿಳೆಯರಿಗೆ ಪ್ರವೇಶ ಪರೀಕ್ಷೆಯ ಮೂಲಕ ಉಚಿತ. 2021ರ ಪರೀಕ್ಷೆಯ ಪ್ರಥಮ ರ‍್ಯಾಂಕ್ ಪಡೆದ ಶ್ರುತಿ ಶರ್ಮಾ ಅಲ್ಲಿಯೇ ಓದಿದವರು. ರಾಜ್ಯದ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯೂ ಉಚಿತ ತರಬೇತಿಗೆ ಅರ್ಜಿ ಕರೆಯುತ್ತದೆ, ಅಧಿಸೂಚನೆ ತಪ್ಪದೆ ನೋಡುತ್ತಿರಿ. ಜಾತಿ, ಆದಾಯ ಪ್ರಮಾಣಪತ್ರವನ್ನು ಕೊನೆಯ ಗಳಿಗೆಗೆ ಬಿಡಬೇಡಿ.

ಜಮಾಅತ್ ಕಮಿಟಿಯವರಲ್ಲೂ ಒಂದು ವಿನಂತಿ. ಮದ್ರಸ ಹಾಲ್ ಸಂಜೆ ಖಾಲಿ ಇರುವ ಕಡೆ ಒಂದು ಮೇಜು, ನಾಲ್ಕು ಕುರ್ಚಿ, ಒಂದು ಪತ್ರಿಕೆ, ಒಂದು ಗಡಿಯಾರ ಇಡಿ. ಪಂಚಾಯತಿನ ಅರಿವು ಕೇಂದ್ರಗಳನ್ನೂ ಬಳಸಿಕೊಳ್ಳಿ, ಅಲ್ಲಿ ಎಲ್ಲ ಸಮುದಾಯದ ಮಕ್ಕಳ ಜೊತೆ ಕೂತು ಓದುವುದೇ ಒಂದು ತಯಾರಿ.

ಈ ವಾರದ ಮನೆಗೆಲಸ

ಸೋಮವಾರ: ನಿಮ್ಮ ರೇಷನ್ ಅಂಗಡಿಯ ಬೋರ್ಡ್ ಓದಿ. ದಾಸ್ತಾನು, ದರ, ದೂರು ಸಂಖ್ಯೆ ಬರೆದಿದ್ದಾರೆಯೇ? ಸಹಾಯವಾಣಿ 1967.

ಮಂಗಳವಾರ: ಅಂಗನವಾಡಿ ಕಾರ್ಯಕರ್ತೆಯಲ್ಲಿ ಮಕ್ಕಳ ತೂಕದ ಪಟ್ಟಿ ಹೇಗೆ ತುಂಬುತ್ತಾರೆ ಎಂದು ಕೇಳಿ ಕಲಿಯಿರಿ.

ಬುಧವಾರ: ಆಶಾ ಕಾರ್ಯಕರ್ತೆಯ ದಿನದ ಕೆಲಸ ತಿಳಿಯಿರಿ. ಸಾವಿರ ಜನಕ್ಕೆ ಒಬ್ಬರು ಎಂಬ ಲೆಕ್ಕ ನಿಮ್ಮೂರಲ್ಲಿ ಸರಿಯಿದೆಯೇ?

ಗುರುವಾರ: ಮನೆಯ ಹೆಂಗಸರ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಊಟದ ಜೊತೆಗೇ ಚಾ ಕುಡಿದರೆ ಕಬ್ಬಿಣದ ಅಂಶ ಮೈಗೆ ಹತ್ತುವುದು ಕಡಿಮೆ, ಒಂದು ಗಂಟೆ ಬಿಟ್ಟು ಕುಡಿಯಿರಿ.

ಶುಕ್ರವಾರ: ಜುಮಾ ಮುಗಿದ ಮೇಲೆ ಓದುವ ನಾಲ್ವರು ಒಂದು ಕಡೆ ಸೇರಿ, ವಾರದ ಟಿಪ್ಪಣಿ ಹೋಲಿಸಿ ನೋಡಿ.

ಶನಿವಾರ: 2024ರ ಆ ಎರಡು ಪ್ರಶ್ನೆಗಳಲ್ಲಿ ಒಂದಕ್ಕೆ ಗಡಿಯಾರ ಇಟ್ಟು ಉತ್ತರ ಬರೆಯಿರಿ. ಒಂದಾದರೂ ಉದಾಹರಣೆ ನಿಮ್ಮ ಊರಿನದೇ ಇರಲಿ.

ಭಾನುವಾರ ಅದನ್ನು ಉಮ್ಮನಿಗೆ ಓದಿ ಹೇಳಿ. ಅವರಿಗೆ ಅರ್ಥವಾಗದ ಸಾಲಿಗೆ ಗೀಟು ಹಾಕಿ, ಅದನ್ನೇ ಇನ್ನೊಮ್ಮೆ ಬರೆಯಿರಿ.